ಬ್ಯಾಟರಿ ಬಾಳಬೇಕಾದ್ದು ಬಿಸಿಲೇರುವವರೆಗೆ

ಚಾವಣಿ ಮೇಲೆ ಸೋಲಾರ್ ಹಾಕಿಸಿದ ಹೊಸತರಲ್ಲಿ ನಾನು ಮಾಡಿದ ಮೊದಲ ಕೆಲಸ ಜಂಬ ಕೊಚ್ಚಿಕೊಂಡದ್ದು. ಇನ್ನು ನಮ್ಮನೆಗೆ ಕರೆಂಟ್ ಹೋಗುವ ಮಾತೇ ಇಲ್ಲ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ, ಕರೆಂಟ್ ಹೋಯಿತು. ಅದರ ಬೆನ್ನಿಗೇ ನಮ್ಮ ಮನೆಯೂ ಸ್ತಬ್ಧ. ಮೇಲೆ ಆರು ಪ್ಯಾನೆಲ್‌ಗಳು ಬಿಸಿಲು ಕಾಯಿಸುತ್ತ ಮಲಗಿವೆ, ಕೆಳಗೆ ಫ್ಯಾನ್ ನಿಂತಿದೆ. “ಸೋಲಾರ್ ಇದ್ಯಲ್ಲೋ, ಫ್ಯಾನ್ ಯಾಕೋ ನಿಂತ್ಹೋಯ್ತು?” ಅಂತ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಉತ್ತರ ಆಮೇಲೆ ಗೊತ್ತಾಯಿತು. ನಾನು ಹಾಕಿಸಿದ್ದು ಬ್ಯಾಟರಿಯಿಲ್ಲದ, ಲೈನ್ ಕರೆಂಟಿನ ಜೊತೆಗೇ ಓಡುವ ಆನ್‌ಗ್ರಿಡ್ ಇನ್ವರ್ಟರ್. ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಕೂಡಲೇ ಅದು ತಾನೂ ಬಂದ್ ಆಗುತ್ತದೆ. ಆಗಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವವನ ಕೈಗೆ ನಮ್ಮ ಮನೆಯ ಕರೆಂಟ್ ಹೊಡೆಯುತ್ತದೆ. ಹಾಗಾಗಿ ಅದು ದೋಷವಲ್ಲ, ಸುರಕ್ಷತೆ. ದೋಷವಿದ್ದದ್ದು ಹಾಕಿಸುವ ಮೊದಲು ಈ ಒಂದು ಪ್ರಶ್ನೆಯನ್ನೂ ಕೇಳದ ನನ್ನಲ್ಲಿ.

ಮುಂದಿನ ವರ್ಷ ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಸಂಭಾಳಿಸುವ ಹೈಬ್ರಿಡ್ ಇನ್ವರ್ಟರ್ ಬಂತು, ಜೊತೆಗೆ 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 5,120 ವ್ಯಾಟ್ ಅವರ್, ಅಂದರೆ 5.12 ಯೂನಿಟ್. ಕಾಗದದ ಮೇಲೆ ನೋಡಲು ಚಂದ. ಆದರೆ ಅಷ್ಟೂ ನಮ್ಮ ಕೈಗೆ ಸಿಗುವುದಿಲ್ಲ. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರೆಂಟ್ ಹೋದ ರಾತ್ರಿಯ ಹಣೆಬರಹವೆಲ್ಲ ಇದರಲ್ಲೇ ಇರುತ್ತದೆ.

ಬ್ಯಾಟರಿಯನ್ನು ಶೇ. 20ಕ್ಕಿಂತ ಕೆಳಗಿಳಿಸಬಾರದು ಅಂತ ಇಟ್ಟುಕೊಂಡೆ. ಉಳಿಯಿತು ಸುಮಾರು 4.1 ಯೂನಿಟ್. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟ್ ಮಾಡುವಾಗ ನೂರಕ್ಕೆ ಎಂಟರಷ್ಟು ಶಾಖವಾಗಿ ಹೋಗುತ್ತದೆ ಅಂತಿಟ್ಟುಕೊಂಡರೆ 3.8ಕ್ಕೆ ಬಂತು. ಇನ್ನೊಂದು ಕಳ್ಳ ಇದ್ದಾನೆ, ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಇನ್ವರ್ಟರೇ. ಮನೆಯಲ್ಲಿ ಒಂದು ದೀಪವೂ ಉರಿಯದಿದ್ದರೂ ತನ್ನ ಪಾಡಿಗೆ ತಾನು 45 ವ್ಯಾಟ್ ತಿನ್ನುತ್ತಿರುತ್ತದೆ. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ, ಹದಿನಾಲ್ಕು ಗಂಟೆಗೆ, 0.63 ಯೂನಿಟ್. ನಮ್ಮ ಫ್ರಿಜ್ ರಾತ್ರಿಯಿಡೀ ತಿನ್ನುವುದೂ ಹೆಚ್ಚುಕಡಿಮೆ ಅಷ್ಟೇ! ಎರಡನ್ನೂ ಕಳೆದರೆ ಎರಡೂವರೆ ಯೂನಿಟ್ ಮಿಕ್ಕಿತು. ದೀಪ, ರೂಟರ್, ಲ್ಯಾಪ್‌ಟಾಪ್ ಎಲ್ಲ ಸೇರಿ ಮುಕ್ಕಾಲು ಯೂನಿಟ್ ಹತ್ತಿರ. ಕೊನೆಗೆ ಫ್ಯಾನು. ಹಳೆಯ ಸೀಲಿಂಗ್ ಫ್ಯಾನ್ ಒಂದಕ್ಕೆ 75 ವ್ಯಾಟ್. ಎರಡು ಫ್ಯಾನ್ ಹತ್ತು ಗಂಟೆ ತಿರುಗಿದರೆ ಒಂದೂವರೆ ಯೂನಿಟ್. ಅಲ್ಲಿಗೆ ಪಾತ್ರೆ ತಳ ಕಂಡಿತು.

ಬ್ಯಾಟರಿ ಇನ್ನೊಂದು ತರಬೇಕು ಅಂತ ಎಲ್ಲರೂ ಹೇಳಿದರು. ನಾನು ಫ್ಯಾನ್ ಬದಲಿಸಿದೆ. ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಎರಡು ಫ್ಯಾನ್, ಹತ್ತು ಗಂಟೆ, 0.6 ಯೂನಿಟ್. ಒಂದು ರಾತ್ರಿಗೆ 0.9 ಯೂನಿಟ್ ಉಳಿತಾಯ. ಅಂದರೆ ನನ್ನ ಬ್ಯಾಟರಿಯ ಐದನೇ ಒಂದು ಭಾಗ ಪುಕ್ಕಟೆಯಾಗಿ ಬಂದಂತೆ. ಬ್ಯಾಟರಿ ದೊಡ್ಡದು ಮಾಡುವ ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ, ಪ್ಲಗ್ಗಿಗೆ ಹಾಕುವ ಪುಟ್ಟ ವ್ಯಾಟ್ ಮೀಟರ್ ಹಿಡಿದುಕೊಂಡು. ನಮ್ಮ ಟಿವಿಯ ಸೆಟ್‌ಟಾಪ್ ಬಾಕ್ಸ್, ಟಿವಿ ಆಫ್ ಆಗಿದ್ದಾಗಲೂ ಸರಿಸುಮಾರು ಆನ್ ಇದ್ದಷ್ಟೇ ಕರೆಂಟ್ ಎಳೆಯುತ್ತಿತ್ತು. ಅದನ್ನು ಕಂಡ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ವೈರಿಂಗ್ ವಿಷಯದಲ್ಲಿ ಮಾಡಿಸಿದ ಒಳ್ಳೆಯ ಕೆಲಸ ಎಂದರೆ ಮನೆಯ ಲೈನನ್ನು ಎರಡು ಭಾಗ ಮಾಡಿಸಿದ್ದು. ದೀಪ, ಫ್ಯಾನ್, ಫ್ರಿಜ್, ರೂಟರ್, ವಾಷಿಂಗ್ ಮೆಷಿನ್, ಲ್ಯಾಪ್‌ಟಾಪು ಫೋನುಗಳ ಚಾರ್ಜರ್ ಮಾತ್ರ ಬ್ಯಾಕಪ್ ಕಡೆಗೆ, ಅಂದರೆ ಕರೆಂಟ್ ಹೋದಾಗಲೂ ನಡೆಯುವ ಭಾಗಕ್ಕೆ. ಗೀಸರ್, ಇಸ್ತ್ರಿಪೆಟ್ಟಿಗೆ, ಎಸಿ, ಮೋಟರ್ ಎಲ್ಲ ನೇರ ಲೈನಿಗೆ. ಮೋಟರನ್ನು ಮೊದಲು ಬ್ಯಾಕಪ್‌ನಲ್ಲೇ ಇಟ್ಟಿದ್ದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್, 3 ಕಿಲೋವ್ಯಾಟ್ ಇನ್ವರ್ಟರಿಗೆ ಅದೇನು ಮಹಾ ಅನ್ನುವುದು ನನ್ನ ಲೆಕ್ಕ. ಆ 746 ಮೋಟರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಸಾವಿರ ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಸ್ಟಾರ್ಟ್ ಆಗುವ ಆ ಒಂದು ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಸ್ವಿಚ್ ಒತ್ತಿದೆ; ದೀಪಗಳು ಒಮ್ಮೆ ಮಂಕಾದವು, ಇನ್ವರ್ಟರ್ ಕಿರ್ ಅಂತ ಕಿರುಚಿಕೊಂಡು ಕೈಚೆಲ್ಲಿತು. ಅದೇ ವಾರ ಮೋಟರ್ ಬ್ಯಾಕಪ್‌ನಿಂದ ಹೊರಬಿತ್ತು. ಈ ವೈರಿಂಗಿಗೆ ಬಲ್ಲ ಎಲೆಕ್ಟ್ರೀಷಿಯನ್ ಬೇಕೇ ಬೇಕು. ಪ್ಯಾನೆಲ್‌ನಿಂದ ಬರುವ ಡಿಸಿ ವೋಲ್ಟೇಜ್ ನೂರಾರು ಇರುತ್ತದೆ, ಬಿಸಿಲಿರುವಷ್ಟು ಹೊತ್ತು ಅದನ್ನು ಆರಿಸುವ ಸ್ವಿಚ್ ಆಕಾಶದಲ್ಲಿಲ್ಲ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ ಸಾಕೆಟ್ಟಿನಿಂದಲೇ ಮನೆಗೆ ಕರೆಂಟ್ ಕೊಡುವ ‘ಐಡಿಯಾ’ ಯಾರಾದರೂ ಹೇಳಿದರೆ ಕೈಮುಗಿದು ಕಳಿಸಿಬಿಡಿ.

ಇಷ್ಟೆಲ್ಲ ಆದಮೇಲೂ ನನಗೆ ಪಾಠ ಕಲಿಸಿದ್ದು ಒಂದು ಮೋಡದ ವಾರ.

ಐದಾರು ದಿನ ಸೂರ್ಯ ಸರಿಯಾಗಿ ಮುಖ ತೋರಿಸಿರಲಿಲ್ಲ. ಬ್ಯಾಟರಿ ಹಗಲಲ್ಲಿ ಶೇ. 60, 70 ತುಂಬುವುದು, ರಾತ್ರಿ ಇಳಿಯುವುದು, ಹೀಗೆ ನಡೆದಿತ್ತು. ಆಮೇಲೆ ಗಾಳಿಮಳೆಗೆ ಎಲ್ಲೋ ಕಂಬ ಉರುಳಿ ಕರೆಂಟೂ ಹೋಯಿತು. ಎರಡನೆಯ ರಾತ್ರಿ ಮಲಗುವ ಮುಂಚೆ ನೋಡಿದೆ, ಪರದೆಯಲ್ಲಿ ಶೇ. 44. ಬೆಳಗಿನ ಜಾವ ನಾಲ್ಕಕ್ಕೆ ಎದ್ದಾಗ ಶೇ. 24. ಸರಿ, ಬೆಳಗಾಗುವವರೆಗೆ ತೊಂದರೆಯಿಲ್ಲ ಅಂದುಕೊಂಡು ಹೊದಿಕೆ ಎಳೆದುಕೊಂಡೆ. ಹತ್ತು ನಿಮಿಷವೂ ಆಗಿರಲಿಲ್ಲ, ಫ್ಯಾನ್ ನಿಂತ ಮೌನಕ್ಕೆ ಎಚ್ಚರವಾಯಿತು.

ಶೇ. 24 ಇದ್ದದ್ದು ಹತ್ತು ನಿಮಿಷದಲ್ಲಿ ಸೊನ್ನೆ ಹೇಗಾಯಿತು? ಅದು ಯಾವತ್ತೂ 24 ಆಗಿರಲೇ ಇಲ್ಲ. ಈ ಜಾತಿಯ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನಡುವಿನಲ್ಲಿ ಬಯಲಿನಂತೆ ಸಪಾಟು. ಶೇ. 80ರಿಂದ 30ಕ್ಕೆ ಇಳಿದರೂ ನನ್ನ ಬ್ಯಾಟರಿಯಲ್ಲಿ ಕಾಣುವ ವ್ಯತ್ಯಾಸ ಒಂದು, ಒಂದೂವರೆ ವೋಲ್ಟ್. ಹಾಗಾಗಿ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಚಾರ್ಜ್ ಉಳಿದಿದೆ ಅನ್ನುವುದನ್ನು ವೋಲ್ಟೇಜ್ ನೋಡಿ ಹೇಳುವುದಿಲ್ಲ, ಒಳಗೆ ಹೋದ ಆಂಪಿಯರ್ ಎಷ್ಟು, ಹೊರಗೆ ಬಂದದ್ದೆಷ್ಟು ಅಂತ ಎಣಿಸಿ ಹೇಳುತ್ತದೆ. ಎಣಿಕೆಯಲ್ಲಿ ಪ್ರತಿದಿನ ಚೂರುಪಾರು ತಪ್ಪು ಸೇರುತ್ತ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ ಅದಕ್ಕೆ ‘ಹಾಂ, ಇದು ನೂರು’ ಅಂತ ಖಾತ್ರಿಯಾಗಿ ಹಳೆಯ ತಪ್ಪು ತೊಳೆದುಹೋಗುತ್ತದೆ. ನನ್ನದು ವಾರದಿಂದ ನೂರು ಮುಟ್ಟಿರಲಿಲ್ಲ. ಪರದೆ ಸುಳ್ಳು ಹೇಳುತ್ತಿತ್ತು, ನಾನು ನಂಬಿದ್ದೆ.

ಅಸಲಿ ಫಜೀತಿ ಶುರುವಾದದ್ದು ಬೆಳಿಗ್ಗೆ. ಮೋಡ ಸರಿದು ಒಳ್ಳೆಯ ಬಿಸಿಲೇ ಬಂತು. ಆದರೆ ಇನ್ವರ್ಟರ್ ಪರದೆ ಕಪ್ಪಗೇ ಇದೆ. ಪ್ಯಾನೆಲ್‌ಗಳಲ್ಲಿ ಕರೆಂಟ್ ಇದೆ, ಬ್ಯಾಟರಿಗೆ ಹಸಿವಿದೆ, ನಡುವೆ ಬಡಿಸುವವನಿಗೇ ಪ್ರಜ್ಞೆಯಿಲ್ಲ! ನನ್ನ ಇನ್ವರ್ಟರ್ ಎಚ್ಚರಗೊಳ್ಳಲು ಬ್ಯಾಟರಿ ಕಡೆಯಿಂದ ವೋಲ್ಟೇಜ್ ಬೇಕು. ಬ್ಯಾಟರಿಯೋ, ಸೆಲ್‌ಗಳು ತೀರಾ ಕೆಳಗಿಳಿದು ಹಾಳಾಗಬಾರದು ಅಂತ ಬಿಎಂಎಸ್ ಬಾಗಿಲು ಹಾಕಿಕೊಂಡು ಕೂತಿದೆ. ಕೆಲವು ಇನ್ವರ್ಟರ್‌ಗಳು ಬರೀ ಬಿಸಿಲಿನಿಂದಲೇ ಏಳುತ್ತವೆ. ನಿಮ್ಮದು ಏಳುತ್ತದೋ ಇಲ್ಲವೋ ಅನ್ನುವುದನ್ನು ಕರೆಂಟ್ ಇರುವ ದಿನವೇ ಕೇಳಿ ತಿಳಿದುಕೊಳ್ಳಿ.

ನಾನು ಮಾಡಿದ್ದು ಇಷ್ಟು. ಮೊದಲು ಬ್ಯಾಕಪ್ ಕಡೆಯ ಎಂಸಿಬಿಗಳನ್ನೆಲ್ಲ (ಫ್ಯೂಸಿನ ಜಾಗದಲ್ಲಿರುವ ಸ್ವಿಚ್‌ಗಳು) ಇಳಿಸಿದೆ, ಫ್ರಿಜ್ಜಿನದೂ ಸೇರಿ. ಪ್ಯಾನೆಲ್ ಕಡೆಯ ಡಿಸಿ ಸ್ವಿಚ್ ಆನ್‌ನಲ್ಲೇ ಬಿಟ್ಟೆ. ಬ್ಯಾಟರಿಯ ಮೈಮೇಲಿನ ಪುಟ್ಟ ಬಟನ್ ಒತ್ತಿ ಹಿಡಿದರೆ ಬಿಎಂಎಸ್ ಸ್ವಲ್ಪ ಹೊತ್ತು ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಇನ್ವರ್ಟರ್ ಎದ್ದು ಚಾರ್ಜಿಂಗ್ ಶುರುಮಾಡಬೇಕು. ಎಂಟೂವರೆಗೆ ಒಮ್ಮೆ ಒತ್ತಿದೆ: ಪರದೆ ಬೆಳಗಿತು, ಆರಿತು. ಒಂಬತ್ತಕ್ಕೆ ಮತ್ತೆ ಅದೇ ಕಥೆ. ಬಿಸಿಲಿಗೆ ಇನ್ನೂ ಬಲ ಬಂದಿರಲಿಲ್ಲ. ಹತ್ತು ಗಂಟೆಗೆ ಮೂರನೆಯ ಸಲ ಒತ್ತಿದಾಗ ಒಳಗೆ ರಿಲೇ ಟಕ್ ಅಂದಿತು, ಪರದೆಯ ಮೇಲೆ ಪ್ಯಾನೆಲ್‌ನಿಂದ ಬ್ಯಾಟರಿ ಕಡೆಗೆ ಬಾಣದ ಗುರುತು ಓಡತೊಡಗಿತು. 3 ಆಂಪಿಯರ್, 7, 11. ಐಸಿಯು ಮುಂದೆ ನಿಂತವರ ಹಾಗೆ ಮನೆಮಂದಿಯೆಲ್ಲ ಆ ಅಂಕಿ ನೋಡುತ್ತ ನಿಂತಿದ್ದೆವು. ಶೇ. 30 ದಾಟುವವರೆಗೂ ಒಂದು ಎಂಸಿಬಿಯನ್ನೂ ಎತ್ತಲಿಲ್ಲ.

ಅಲ್ಲಿಂದ ಲೆಕ್ಕದ ರೀತಿಯೇ ಬದಲಾಯಿತು. ಬ್ಯಾಟರಿ ಬೆಳಗಿನ ಆರು ಗಂಟೆವರೆಗೆ ಬಂದರೆ ಸಾಲದು. ಸೂರ್ಯ ಹುಟ್ಟಿದ ತಕ್ಷಣ ಪ್ಯಾನೆಲ್ ಏನೂ ಕೊಡುವುದಿಲ್ಲ. ಏಳೂವರೆಗೆ ನಮ್ಮ 3 ಕಿಲೋವ್ಯಾಟಿನ ಪ್ಯಾನೆಲ್‌ಗಳಿಂದ ಬರುವುದು ಇನ್ನೂರು ವ್ಯಾಟ್ ಇದ್ದೀತು. ಮನೆಯಲ್ಲಿ ಓಡಾಟ ಜಾಸ್ತಿಯಾಗುವುದೂ ಅದೇ ಹೊತ್ತಿಗೆ. ಹಾಗಾಗಿ ಒಂಬತ್ತೂವರೆವರೆಗೆ, ಬಿಸಿಲು ಏರುವವರೆಗೆ, ಬ್ಯಾಟರಿ ಬಾಳಬೇಕು. ಶೇ. 35ಕ್ಕೆ ಅಲಾರಂ ಇಟ್ಟಿದ್ದೇನೆ. ಅದು ಕೂಗಿದರೆ ಒಂದು ಫ್ಯಾನ್, ಒಂದು ದೀಪ ಬಿಟ್ಟು ಉಳಿದದ್ದೆಲ್ಲ ಬಂದ್. ಫ್ರಿಜ್ಜನ್ನೂ ನಾಲ್ಕು ಗಂಟೆ ಆರಿಸಿಡಬಹುದು, ಬಾಗಿಲು ಮಾತ್ರ ತೆರೆಯಬಾರದು. ಹತ್ತು ಹದಿನೈದು ದಿನಕ್ಕೊಮ್ಮೆ, ಬಿಸಿಲಿಲ್ಲದಿದ್ದರೆ ಲೈನ್ ಕರೆಂಟಿನಿಂದಾದರೂ ಸರಿ, ಬ್ಯಾಟರಿ ನೂರು ಮುಟ್ಟಿ ಒಂದೆರಡು ತಾಸು ಅಲ್ಲೇ ನಿಲ್ಲುವಂತೆ ಮಾಡುತ್ತೇನೆ. ಎಣಿಕೆಯೂ ಸರಿಯಾಗುತ್ತದೆ, ಬ್ಯಾಟರಿಯೊಳಗಿನ ಸೆಲ್‌ಗಳ ಚಾರ್ಜೂ ಸಮ ಆಗುತ್ತದೆ.

ಇನ್ವರ್ಟರ್ ಸೆಟ್ಟಿಂಗಿನಲ್ಲಿ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್ ಅನ್ನುವ ಕ್ರಮವೊಂದಿದೆ. ಬಿಲ್ ಇಳಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರಲ್ಲಿ ದಿನಾ ರಾತ್ರಿ ಬ್ಯಾಟರಿ ಖಾಲಿಯಾಗುತ್ತದೆ. ಕರೆಂಟ್ ಹೋಗುವುದು ಹೇಳಿಕೇಳಿ ಅಲ್ಲವಲ್ಲ, ಬ್ಯಾಟರಿ ತಳ ಕಂಡ ರಾತ್ರಿಯೇ ಹೋಗುತ್ತದೆ. ಆಕಾಶ ಶುಭ್ರವಾಗಿರುವ ದಿನಗಳಲ್ಲಿ ಶೇ. 40ಕ್ಕೆ ಇಳಿದರೆ ಲೈನಿಗೆ ಹೋಗು ಅಂತ ಇಟ್ಟಿದ್ದೇನೆ. ಗಾಳಿಮಳೆಯ ಮುನ್ಸೂಚನೆ ಕಂಡ ಕೂಡಲೇ ಅದನ್ನು ಶೇ. 80ಕ್ಕೆ ಏರಿಸುತ್ತೇನೆ. ಬಿಲ್ಲಿನಲ್ಲಿ ನಾಲ್ಕು ಕಾಸು ಹೋದರೂ ಚಿಂತೆಯಿಲ್ಲ. ಲೈನಿನಿಂದ ಚಾರ್ಜ್ ಆಗುವ ಆಂಪಿಯರನ್ನು ಮಾತ್ರ ಕಡಿಮೆ ಇಡಿ. ಕರೆಂಟ್ ವಾಪಸ್ ಬಂದ ಗಳಿಗೆಯಲ್ಲಿ ಗೀಸರ್, ಮೋಟರ್, ಬ್ಯಾಟರಿ ಎಲ್ಲ ಒಟ್ಟಿಗೇ ಬಾಯಿ ಹಾಕಿದರೆ ಮೇನ್ ಸ್ವಿಚ್ ಬೀಳುತ್ತದೆ. ನಮ್ಮಲ್ಲಿ ಬಿದ್ದಿದೆ.

ಹಗಲಿನ ಮಾತೇ ಬೇರೆ. ಲೈನ್ ಇಲ್ಲದಾಗ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬಿತು ಅನ್ನಿ, ಆಮೇಲೆ ಬರುವ ಬಿಸಿಲೆಲ್ಲ ದಂಡ. ಹಾಕಲು ಜಾಗವಿಲ್ಲದ್ದರಿಂದ ಇನ್ವರ್ಟರ್ ಪ್ಯಾನೆಲ್‌ನ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಒಮ್ಮೆ ಉರಿಬಿಸಿಲಲ್ಲಿ ಬರೀ 180 ವ್ಯಾಟ್ ತೋರಿಸುತ್ತಿದ್ದುದನ್ನು ಕಂಡು ಪ್ಯಾನೆಲ್ ಕೆಟ್ಟಿತು ಅಂತ ಏಣಿ ಹತ್ತಿದ್ದೆ. ವಾಷಿಂಗ್ ಮೆಷಿನ್ ಹಾಕಿದ್ದೇ ತಡ, ಏಳುನೂರಕ್ಕೆ ಜಿಗಿಯಿತು. ಹಾಗಾಗಿ ಬಟ್ಟೆ ಒಗೆಯುವುದು, ಲ್ಯಾಪ್‌ಟಾಪು ಫೋನುಗಳ ಚಾರ್ಜು, ಎಲ್ಲ ಹನ್ನೊಂದರಿಂದ ಎರಡರೊಳಗೆ, ಒಂದಾದ ಮೇಲೊಂದು.

ಮೊನ್ನೆ ಮತ್ತೆ ಉದ್ದನೆಯ ಪವರ್ ಕಟ್, ಒಂದೂವರೆ ದಿನದ್ದು. ಬೆಳಿಗ್ಗೆ ಏಳಕ್ಕೆ ಬ್ಯಾಟರಿ ಶೇ. 41ರಲ್ಲಿತ್ತು, ಈ ಸಲ ನಿಜವಾದ 41. ಅಮ್ಮ ಬಟ್ಟೆ ಬುಟ್ಟಿ ಹಿಡಿದುಕೊಂಡು ಬಂದು ಇನ್ವರ್ಟರ್ ಮುಂದೆ ನಿಂತು ಅಂಕಿ ನೋಡಿದರು. ಕಿಟಕಿಯಾಚೆ ಬಿಸಿಲು ಎಲ್ಲಿಗೆ ಬಂದಿದೆ ಅಂತಲೂ ನೋಡಿದರು. “ಹನ್ನೊಂದಕ್ಕೆ ಹಾಕ್ತೀನಿ ಬಿಡು” ಅಂದು, ಬುಟ್ಟಿಯನ್ನು ಮೆಷಿನ್ ಪಕ್ಕ ಇಟ್ಟು ಹೋದರು.