ಹತ್ತು ನಿಮಿಷದ ನಡಿಗೆ: ನನ್ನ ಅನುಭವ

ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯುದ್ದಕ್ಕೂ ನೋವು ಹರಿಯಿತು. ಮೂರು ದಿನ ಸತತವಾಗಿ ಒಂದೊಂದು ಗಂಟೆ ನಡೆದಿದ್ದೆ. ಅದಕ್ಕೂ ಮೊದಲು ವರ್ಷಗಟ್ಟಲೆ ಕುರ್ಚಿಯ ಮೇಲೆಯೇ ದಿನ ಕಳೆದ ಕಾಲುಗಳವು. ಅಂದು ಬಿಟ್ಟ ನಡಿಗೆಯನ್ನು ಮತ್ತೆ ಹಿಡಿಯಲು ಎಂಟು ತಿಂಗಳು ಬೇಕಾಯಿತು. ಆದರೆ ಎರಡನೆಯ ಸಲ ಹಿಡಿದದ್ದು ಇಂದಿಗೂ ಬಿಟ್ಟಿಲ್ಲ, ಮೂರು ವರ್ಷ ದಾಟಿದೆ. ಕಾಲುಗಳು ಅವೇ, ರಸ್ತೆಯೂ ಅದೇ. ಬದಲಾದದ್ದು ಒಂದೇ: ದಿನಕ್ಕೆ ಹತ್ತೇ ನಿಮಿಷ ಎಂದು ನಿಶ್ಚಯಿಸಿಕೊಂಡೆ.

ಐದು ನಿಮಿಷ ಹೋಗುವುದು, ಗಡಿಯಾರ ನೋಡಿ ಹಿಂದಿರುಗುವುದು. ಒಂದು ಗಂಟೆಯ ನಡಿಗೆಯನ್ನು ತಪ್ಪಿಸಲು ನೂರು ನೆಪ ಸಿಗುತ್ತವೆ. ಹತ್ತು ನಿಮಿಷಕ್ಕೆ ನೆಪ ಹುಡುಕುವಷ್ಟರಲ್ಲಿ ನಡಿಗೆಯೇ ಮುಗಿದಿರುತ್ತದೆ. ನಿಜವಾಗಿ ಕಷ್ಟವಾದದ್ದು ಇದಕ್ಕೆ ತದ್ವಿರುದ್ಧವಾದದ್ದು. ಮೊದಲ ವಾರದಲ್ಲಿ ಉತ್ಸಾಹ ಉಕ್ಕುತ್ತದೆ, ಇನ್ನೂ ಸ್ವಲ್ಪ ದೂರ ಹೋಗೋಣ ಎನ್ನಿಸುತ್ತದೆ. ಆಗ ಹಿಂದಿರುಗುವುದಕ್ಕೆ ಗಟ್ಟಿ ಮನಸ್ಸು ಬೇಕು. ಎರಡು ವಾರ ಹತ್ತಕ್ಕಿಂತ ಒಂದು ನಿಮಿಷವೂ ಹೆಚ್ಚು ನಡೆಯಲಿಲ್ಲ. ಮೂರನೆಯ ವಾರದಿಂದ ವಾರಕ್ಕೆ ಐದೈದು ನಿಮಿಷ ಸೇರಿಸುತ್ತಾ ಹೋದೆ. ಆರನೆಯ ವಾರಕ್ಕೆ ಅರ್ಧ ಗಂಟೆಯಾಯಿತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರ್ಧ ಗಂಟೆಯ ನಡಿಗೆ ವಾರಕ್ಕೆ ಐದು ದಿನವಾದರೆ ಆ ಲೆಕ್ಕ ತುಂಬುತ್ತದೆ.

ಆ ಮೂಳೆಯ ನೋವಿನ ಕಾರಣ ನನಗೆ ತಿಳಿದದ್ದು ತಡವಾಗಿ. ಹೆಜ್ಜೆ ಹಾಕುವಾಗ ಪಾದದ ಮುಂಭಾಗವನ್ನು ಮೇಲೆತ್ತುವ, ಹಿಮ್ಮಡಿ ನೆಲಕ್ಕೆ ತಾಗಿದ ಮೇಲೆ ಪಾದ ದಪ್ಪೆಂದು ಬೀಳದಂತೆ ಮೆಲ್ಲಗೆ ಇಳಿಸುವ ಸ್ನಾಯು ಆ ಮೂಳೆಯ ಪಕ್ಕದಲ್ಲೇ ಇದೆ. ರೂಢಿಯಿಲ್ಲದವರು ವೇಗ ಹೆಚ್ಚಿಸಲು ಹೆಜ್ಜೆಯನ್ನು ಉದ್ದಕ್ಕೆ ಚಾಚುತ್ತಾರೆ, ನಾನೂ ಹಾಗೆಯೇ ಮಾಡಿದ್ದೆ. ಹೆಜ್ಜೆ ಉದ್ದವಾದಷ್ಟೂ ಆ ಸ್ನಾಯುವಿಗೆ ಎಳೆತ ಹೆಚ್ಚು. ಈಗ ವೇಗ ಬೇಕೆಂದರೆ ಗಿಡ್ಡ ಹೆಜ್ಜೆಗಳನ್ನು ಬೇಗ ಬೇಗ ಇಡುತ್ತೇನೆ, ಪಾದ ಮೈಯ ಕೆಳಗೇ ಬೀಳುವ ಹಾಗೆ. ನೋವು ಮತ್ತೆ ಬಂದಿಲ್ಲ. ಆದರೆ ಮೂಳೆಯ ಒಂದೇ ಬಿಂದುವಿನಲ್ಲಿ ಮುಟ್ಟಿದರೆ ಚುಚ್ಚುವಂಥ ನೋವಿದ್ದರೆ ಅದು ಬೇರೆ ವಿಷಯ; ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಲೇಬೇಕು.

ಶೂ ವಿಷಯದಲ್ಲಿ ಒಂದು ಉಗುರು ಕಪ್ಪಾದ ಮೇಲೆ ಕಲಿತದ್ದಿದೆ. ಪಾದಗಳು ದಿನ ಕಳೆದಂತೆ ಸ್ವಲ್ಪ ಊದಿಕೊಳ್ಳುತ್ತವೆ. ಆದ್ದರಿಂದ ಶೂ ಕೊಳ್ಳುವುದು ಸಂಜೆ, ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಲೇಸನ್ನೂ ನಾನು ಬೇರೆ ರೀತಿ ಕಟ್ಟುತ್ತೇನೆ. ಮೇಲಿನ ಕೊನೆಯ ತೂತಿಗೆ ಲೇಸನ್ನು ಅದೇ ಬದಿಯಲ್ಲಿ ತೂರಿಸಿ, ಎರಡೂ ಕಡೆ ಪುಟ್ಟ ಕುಣಿಕೆ ಬಿಡುತ್ತೇನೆ. ಬಳಿಕ ಎಡಗಡೆಯ ಲೇಸನ್ನು ಬಲಗಡೆಯ ಕುಣಿಕೆಗೆ, ಬಲಗಡೆಯದನ್ನು ಎಡಗಡೆಯದಕ್ಕೆ ಹಾಯಿಸಿ ಕೆಳಮುಖವಾಗಿ ಎಳೆದು ಗಂಟು ಹಾಕುತ್ತೇನೆ. ಹಿಮ್ಮಡಿ ಹಿಂದಕ್ಕೆ ಗಟ್ಟಿಯಾಗಿ ಕೂರುತ್ತದೆ, ಇಳಿಜಾರಿನಲ್ಲಿ ಬೆರಳುಗಳು ಮುಂದೆ ಜಾರಿ ಬಡಿಯುವುದಿಲ್ಲ. ಉಗುರು ಉಳಿದದ್ದು ಈ ಕುಣಿಕೆಯಿಂದ.

ರಾತ್ರಿ ಮಲಗುವ ಮೊದಲು ಶೂಗಳನ್ನು ಮಂಚದ ಪಕ್ಕ ಇಟ್ಟು ಕಾಲುಚೀಲಗಳನ್ನು ಅವುಗಳೊಳಗೆ ತುರುಕುತ್ತೇನೆ. ಹಲ್ಲುಜ್ಜಿದ ಕೂಡಲೇ ಶೂ. ಮೊಬೈಲ್ ಅದಾದ ಮೇಲೆ. ಈ ಕ್ರಮ ತಪ್ಪಿದ ದಿನಗಳಲ್ಲೆಲ್ಲ ನಡಿಗೆಯೂ ತಪ್ಪಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂದಿತ್ತು. ನನ್ನ ನಡಿಗೆಯೂ ಹಾಗೆ ಅಭ್ಯಾಸವಾಗಿದೆ ಎಂದು ನನಗೆ ಗೊತ್ತಾದದ್ದು ಮೂರನೆಯ ತಿಂಗಳಲ್ಲಿ. ಗೇಟು ದಾಟಿ ರಸ್ತೆಗೆ ಬಂದ ಮೇಲೆ, ಇವತ್ತು ಹೋಗಬೇಕೋ ಬೇಡವೋ ಎಂದು ಯೋಚಿಸಲೇ ಇಲ್ಲವಲ್ಲ ಎಂದು ಥಟ್ಟನೆ ಹೊಳೆಯಿತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಬಹಳ ನೆರವಾಯಿತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ. ತಪ್ಪಿದ ದಿನದ ಮರುದಿನ ದುಪ್ಪಟ್ಟು ನಡೆದು ಸರಿದೂಗಿಸುವ ಚಟವನ್ನು ಅಂದೇ ಬಿಟ್ಟೆ.

ಹತ್ತು ಸಾವಿರ ಹೆಜ್ಜೆಗಳ ಗುರಿಯನ್ನೂ ಬಿಟ್ಟೆ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. 'ಮನ್ಪೊಕೆ' ಎಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಹೆಜ್ಜೆಗಳ ಒಟ್ಟು ಸಂಖ್ಯೆಗಿಂತ ಅವುಗಳ ವೇಗದ ಮೇಲೆ ನನ್ನ ಗಮನ ಹೆಚ್ಚು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಅದು ಮಧ್ಯಮ ಶ್ರಮ. ಕಾಲು ನಿಮಿಷಕ್ಕೆ 25 ಹೆಜ್ಜೆ ಬಿದ್ದವೇ ಎಂದು ನೋಡಿದರೆ ಸಾಕು. ಇಲ್ಲವೇ ಮಾತನಾಡಿ ನೋಡುವುದು: ಮಾತು ಬರಬೇಕು, ಹಾಡಲು ಉಸಿರು ಸಾಲಬಾರದು.

ಎರಡನೆಯ ವರ್ಷ ಜ್ವರದಿಂದ ಮೂರು ವಾರ ಮಲಗಿದ್ದೆ. ಎದ್ದ ಮೇಲೆ ಅರ್ಧ ಗಂಟೆಗೆ ಹೋಗಲಿಲ್ಲ, ಮತ್ತೆ ಹತ್ತು ನಿಮಿಷಕ್ಕೇ ಹೋದೆ. ಬಿಡುವಿಲ್ಲದ ದಿನಗಳಲ್ಲಿ, ಮನಸ್ಸು ಕುಗ್ಗಿದ ದಿನಗಳಲ್ಲಿ ಇಂದಿಗೂ ಅಷ್ಟೇ. ಜೋರು ಮಳೆಯಿದ್ದರೆ ಮನೆಯೊಳಗೇ ಈ ಗೋಡೆಯಿಂದ ಆ ಗೋಡೆಗೆ, ಶೂ ಹಾಕಿಕೊಂಡೇ. ಆ ದಿನಗಳೂ ನನ್ನ ಲೆಕ್ಕದಲ್ಲಿ ಪೂರ್ಣ ದಿನಗಳೇ.

ತೂಕ ಹೆಚ್ಚೇನೂ ಇಳಿಯಲಿಲ್ಲ, ಮೂರು ವರ್ಷಕ್ಕೆ ನಾಲ್ಕು ಕಿಲೋ. ಅದನ್ನೇ ಗುರಿಯಾಗಿಟ್ಟುಕೊಂಡಿದ್ದರೆ ಮೊದಲ ವರ್ಷವೇ ಬೇಸತ್ತು ಬಿಡುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಎಣಿಸಿದರೆ 82 ಇರುತ್ತಿದ್ದ ನಾಡಿಬಡಿತ ಈಗ 70ರ ಆಸುಪಾಸಿದೆ. ಮೂರನೆಯ ಮಹಡಿ ಹತ್ತಿದ ಮೇಲೆ ಬಾಗಿಲು ತಟ್ಟುವ ಮೊದಲು ನಿಂತು ಸುಧಾರಿಸಿಕೊಳ್ಳಬೇಕಾಗಿಲ್ಲ. ನಿದ್ದೆ ಬೇಗ ಬರುತ್ತದೆ.

ಕಳೆದ ವರ್ಷ ಅಮ್ಮ ಕೇಳಿದರು, "ನಿನ್ನ ಆ ಹತ್ತು ನಿಮಿಷಕ್ಕೆ ನಾನೂ ಬರಲೇ?" ಅವರಿಗೆ 74. ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಅಧ್ಯಯನ 2019ರಲ್ಲಿ ಪ್ರಕಟವಾಗಿತ್ತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಅದನ್ನು ಓದಿದ್ದರಿಂದ ಅಮ್ಮನ ಪುಟ್ಟ ಸುತ್ತನ್ನು ನಾನು ಹಗುರವಾಗಿ ಕಾಣಲಿಲ್ಲ. ವೈದ್ಯರನ್ನು ಕೇಳಿ, ಶೂ ಕೊಡಿಸಿದೆ, ಲೇಸಿನ ಕುಣಿಕೆಯನ್ನೂ ಕಲಿಸಿದೆ. ಈಗ ಮೊದಲ ಹತ್ತು ನಿಮಿಷ ಅವರೊಂದಿಗೆ, ಅವರನ್ನು ಮನೆಗೆ ಬಿಟ್ಟು ಉಳಿದದ್ದು ನಾನೊಬ್ಬಳೇ. ಅವರಿಗೆ ಗಡಿಯಾರ ಬೇಕಿಲ್ಲ. ಹೊರಟಾಗಿನಿಂದ ಯಾವುದಾದರೂ ಹಳೆಯ ಸಂಗತಿ ಹೇಳುತ್ತಲೇ ಇರುತ್ತಾರೆ. ಮಾತು ತುಂಡಾಗಿ, ವಾಕ್ಯಗಳ ನಡುವೆ ಉಸಿರು ಕೇಳಿಸತೊಡಗಿದಾಗ ನಾನು ಅವರ ಕೈ ಹಿಡಿದು ಮನೆಯತ್ತ ತಿರುಗುತ್ತೇನೆ.