ನಿಯಮದ ಹಾಳೆ ಪ್ರಿಂಟ್ ಮಾಡುವ ಮುಂಚೆ

ಟೇಬಲ್‌ಟಾಪ್ ಗೇಮ್ ಈವೆಂಟ್‌ಗೆ ನಿಯಮದ ಹಾಳೆ ಮಾಡುವಾಗ ಇಡೀ ಪುಸ್ತಕವನ್ನೇ ಕುಗ್ಗಿಸಲು ಹೋಗಬೇಡಿ. ಆಟ ನಿಲ್ಲಿಸಿ ಜನ ಏನು ಹುಡುಕುತ್ತಾರೋ ಅದನ್ನಷ್ಟೇ ಹಾಕಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದ ಪಾತ್ರಾಭಿನಯದ ಆಟದಲ್ಲಿ 'ಪ್ರೋನ್' (ಪಾತ್ರ ನೆಲಕ್ಕೆ ಬಿದ್ದಿರುವ ಸ್ಥಿತಿ) ಬಗ್ಗೆ ಪದೇ ಪದೇ ಕೇಳುತ್ತಾರೆ, ಅಲ್ವಾ? ನಾನು ಹೀಗೆ ಬರೆಯುತ್ತೇನೆ: "ಬಿದ್ದವರಿಗೆ 5 ಅಡಿಯೊಳಗಿಂದ ಹೊಡೆದರೆ ಅಡ್ವಾಂಟೇಜ್, ದೂರದಿಂದ ಹೊಡೆದರೆ ಡಿಸ್‌ಅಡ್ವಾಂಟೇಜ್." ಒಂದೇ ಸಾಲು, ಸಾಕು. (ಅಡ್ವಾಂಟೇಜ್ ಅಂದರೆ ಎರಡು ಸಲ ದಾಳ ಹಾಕಿ ದೊಡ್ಡ ಸಂಖ್ಯೆ ತೆಗೆದುಕೊಳ್ಳುವುದು, ಡಿಸ್‌ಅಡ್ವಾಂಟೇಜ್ ಅಂದರೆ ಚಿಕ್ಕದು.) ಕೊನೆಗೆ ಪುಸ್ತಕದ ಪುಟ ಸಂಖ್ಯೆ ಹಾಕಿ. ವಾದ ಬಂದರೆ ಅದೇ ಕೈಹಿಡಿಯುತ್ತದೆ.

ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಮಧ್ಯಕ್ಕೆ ಮಡಚಿದರೆ ಎ5 ಪುಸ್ತಿಕೆ ಆಗುತ್ತದೆ, ನಾಲ್ಕು ಪುಟ. ಎರಡೂ ಬದಿ ಪ್ರಿಂಟ್ ಮಾಡುವಾಗ 'ಫ್ಲಿಪ್ ಆನ್ ಶಾರ್ಟ್ ಎಡ್ಜ್' ಆರಿಸಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಅಳತೆಯ ಟೆಂಪ್ಲೇಟ್ (ಆಟದಲ್ಲಿ ದೂರ, ವ್ಯಾಪ್ತಿ ಅಳೆಯುವ ಆಕಾರ) ಇದ್ದರೆ ಇನ್ನೂ ಹುಷಾರು. 'ಫಿಟ್ ಟು ಪೇಜ್' ಇದ್ದರೆ ಎಲ್ಲವೂ ಸ್ವಲ್ಪ ಕುಗ್ಗುತ್ತದೆ. 'ಆಕ್ಚುಯಲ್ ಸೈಜ್' ಇಡಿ. ಮೂಲೆಯಲ್ಲಿ ಸರಿಯಾಗಿ 5 ಸೆಂ.ಮೀ. ಗೆರೆ ಎಳೆದು, ಮೊದಲ ಪ್ರತಿಯಲ್ಲಿ ಸ್ಕೇಲ್ ಇಟ್ಟು ನೋಡಿ. ಆಮೇಲೆ ಉಳಿದ ಪ್ರತಿಗಳು.

ಅಕ್ಷರ 10 ಪಾಯಿಂಟ್‌ಗಿಂತ ಸಣ್ಣದು ಬೇಡ. ಬಣ್ಣವೊಂದನ್ನೇ ನಂಬಬೇಡಿ, ಕಪ್ಪು-ಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಥರ ಕಾಣಬಹುದು.

ಕಾಪಿರೈಟ್ ಹಕ್ಕಿನ ವಿಷಯ ಸುಮ್ನೆ ಬಿಡಬೇಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎಸ್‌ಆರ್‌ಡಿ 5.1 (ಆಟದ ಮೂಲ ನಿಯಮಗಳ ದಾಖಲೆ) ಅನ್ನು ಪ್ರಕಾಶಕರು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ (ಮುಕ್ತ ಬಳಕೆಯ ಪರವಾನಗಿ) ಅಡಿ ಕೊಟ್ಟಿದ್ದಾರೆ. ಅದರಲ್ಲಿರುವುದನ್ನು ಬಳಸಬಹುದು, ಆದರೆ ಅವರು ಹೇಳಿದ ಕೃತಜ್ಞತಾ ಸಾಲು ಹಾಳೆಯಲ್ಲಿ ಇರಲೇಬೇಕು. ಅದರ ಪಕ್ಕದಲ್ಲೇ ಆವೃತ್ತಿ, ತಾರೀಕು ಹಾಕಿಬಿಡಿ. ನಿಯಮ ತಿದ್ದುಪಡಿಯಾದಾಗ ಹಳೆ ಹಾಳೆ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.