ವಿಮೋಚನಕಾಂಡ 25ರಲ್ಲಿ ಓದು ನಿಲ್ಲದಂತೆ: ವರ್ಷಕ್ಕೊಮ್ಮೆ ಸತ್ಯವೇದ ಮುಗಿಸುವ ನನ್ನ ಕ್ರಮ

ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, 66 ಪುಸ್ತಕ, 1,189 ಅಧ್ಯಾಯ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 3, ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ 5 ಅಧ್ಯಾಯ ಓದುತ್ತೇನೆ. ವಾರಕ್ಕೆ 23, 52 ವಾರಕ್ಕೆ 1,196. ಏಳು ಅಧ್ಯಾಯದಷ್ಟು ಜಾಗ ಮಿಗುತ್ತದೆ, ಅದು ಬೇಕಾಗುತ್ತದೆ. ಬಾಯಿಬಿಟ್ಟು ಓದಬೇಕು. ಕಣ್ಣಲ್ಲೇ ಓದಿದರೆ ವಂಶಾವಳಿ ಬಂದ ಕಡೆ ಸಾಲುಗಳು ಹಾರಿಹೋಗುತ್ತವೆ. ಫೋನಿನಲ್ಲಿ ಓದುವುದಿಲ್ಲ, ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಯಾರದೋ ಮೆಸೇಜ್ ಬಂದಿರುತ್ತದೆ.

ಜನವರಿ 1ಕ್ಕೆ ಶುರುಮಾಡಿದರೆ 23, 24ರ ಹೊತ್ತಿಗೆ ಎರಡನೇ ಪುಸ್ತಕವಾದ ವಿಮೋಚನಕಾಂಡದ 25ನೇ ಅಧ್ಯಾಯ ಬರುತ್ತದೆ. ಅಲ್ಲಿಯವರೆಗೆ ಯೋಸೇಫ, ಮೋಶೆ, ಕೆಂಪು ಸಮುದ್ರ ಎಂದು ಓಡಿಸಿಕೊಂಡು ಬಂದ ಓದು ಇಲ್ಲಿ ದೇವರು ಮಾಡಿಸಲು ಹೇಳಿದ ಆರಾಧನೆಯ ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆಗೆ ಸಿಕ್ಕಿ ಕುಂಟುತ್ತದೆ. ಅಳತೆಯನ್ನು ಕಥೆಯಂತೆ ಓದಲು ಹೋಗುವುದೇ ತಪ್ಪು. ಅದನ್ನು ಚಿತ್ರ ಬರೆದು ನೋಡಬೇಕು.

ಮಕ್ಕಳ ಲೆಕ್ಕದ ಚೌಕಳಿ ಪುಸ್ತಕದ ಒಂದು ಹಾಳೆ ಸಾಕು. ಒಂದು ಚೌಕಕ್ಕೆ 5 ಮೊಳ ಎಂದಿಟ್ಟುಕೊಳ್ಳಿ. ಮೊಳ ನಮಗೆ ಹೊಸದಲ್ಲ, ಹೂ ಕೊಳ್ಳುವಾಗ ಇವತ್ತಿಗೂ ಕೇಳುವ ಅಳತೆ. ಗುಡಾರದ ಸುತ್ತಲಿನ ಅಂಗಳ 100 ಮೊಳ ಉದ್ದ, 50 ಮೊಳ ಅಗಲ, ಅಂದರೆ 20 ಚೌಕ, 10 ಚೌಕ. ಪೂರ್ವದ ಕಡೆ ನಡುವೆ ಬಾಗಿಲಿಗೆ 20 ಮೊಳ, 4 ಚೌಕ. ಅದರ ಎರಡೂ ಬದಿಗೆ 15 ಮೊಳದ ತೆರೆ, 3 ಚೌಕದಂತೆ. ಕೂಡಿಸಿದರೆ ಸರಿಯಾಗಿ ಹತ್ತು. ಯಜ್ಞವೇದಿ 5 ಮೊಳದ ಚಚ್ಚೌಕ, ಒಂದೇ ಚೌಕ. ಗುಡಾರದ ಒಂದು ಪಕ್ಕಕ್ಕೆ ಒಂದೂವರೆ ಮೊಳ ಅಗಲದ 20 ಹಲಗೆ: 30 ಮೊಳ, 6 ಚೌಕ. ಮಂಜೂಷ, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನು ಇಡುವ ಪೆಟ್ಟಿಗೆ, ಎರಡೂವರೆ ಮೊಳ ಉದ್ದ, ಒಂದೂವರೆ ಅಗಲ. ಅರ್ಧ ಚೌಕದೊಳಗೆ ಒಂದು ಸಣ್ಣ ಗೆರೆಯಷ್ಟೇ. ಇಷ್ಟು ದೊಡ್ಡ ಅಂಗಳವೆಲ್ಲ ಆ ಗೆರೆಯನ್ನು ಕಾಯಲು ನಿಂತಿದೆ ಎಂಬುದು ಪೆನ್ಸಿಲ್ ಹಿಡಿದಾಗಲೇ ಕಾಣುವುದು.

36ನೇ ಅಧ್ಯಾಯದಿಂದ ಅದೇ ಅಳತೆಗಳು ಮತ್ತೆ ಬರುತ್ತವೆ. ದಯವಿಟ್ಟು ಹಾರಿಸಬೇಡಿ. ಮೊದಲು ಕೊಟ್ಟದ್ದು ಅಪ್ಪಣೆ, ಈಗ ಬರುವುದು ಮಾಡಿ ಮುಗಿಸಿದ ಕೆಲಸ. ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗಿ. 40ನೇ ಅಧ್ಯಾಯದಲ್ಲಿ ಗುಡಾರ ನಿಲ್ಲಿಸುವಾಗ, ಯೆಹೋವನು ಮೋಶೆಗೆ ಅಪ್ಪಣೆಕೊಟ್ಟಂತೆಯೇ ಆಯಿತು ಎಂಬ ಮಾತು 19ರಿಂದ 32ನೇ ವಚನದೊಳಗೆ ಏಳು ಸಲ ಬರುತ್ತದೆ. ಕೆಳಗೆ ಗೆರೆ ಎಳೆದು ಎಣಿಸಿ. ಆ ದಿನವೇ, ವರ್ಷದ ಲೆಕ್ಕದಲ್ಲಿ ಮಿಕ್ಕ ಏಳು ಅಧ್ಯಾಯದಲ್ಲಿ ಒಂದನ್ನು ಖರ್ಚುಮಾಡಿ, ಇಬ್ರಿಯರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯ ಓದಿ. ಕ್ರಿಸ್ತನನ್ನು ಮಹಾಯಾಜಕನೆಂದು ಕರೆಯುವ ಆ ಅಧ್ಯಾಯ ನೀವು ಬರೆದ ಚಿತ್ರದೊಳಗೇ ನಡೆಯುತ್ತದೆ.

ಓದು ತಪ್ಪಿದ ದಿನಗಳನ್ನು ಒಟ್ಟಿಗೆ ತುಂಬಿಸಲು ಹೋಗಬಾರದು. ಮೂರು ದಿನ ಬಿಟ್ಟರೆ ನಾಲ್ಕನೇ ದಿನ 12 ಅಧ್ಯಾಯ ಆಗುತ್ತದೆ, ಐದನೇ ದಿನ ಪುಸ್ತಕ ತೆರೆಯಲು ಮನಸ್ಸೇ ಬರುವುದಿಲ್ಲ. ಇವತ್ತಿನ ಭಾಗ ಓದಿ ಮುಂದೆ ಹೋಗುತ್ತೇನೆ. ಬಿಟ್ಟದ್ದನ್ನು ಪಟ್ಟಿಯಲ್ಲಿ ಖಾಲಿ ಇಟ್ಟು, ಶನಿವಾರ ರಾತ್ರಿ ಒಂದೊಂದೇ ಅಧ್ಯಾಯ ಓದಿ ತುಂಬುತ್ತೇನೆ.

ಕೀರ್ತನೆಗಳಲ್ಲಿ ಮಾತ್ರ ಅಧ್ಯಾಯದ ಲೆಕ್ಕ ಮೋಸ ಮಾಡುತ್ತದೆ. 117ರಲ್ಲಿ ಇರುವುದು ಎರಡು ವಚನ, 119ರಲ್ಲಿ 176. ಈ 119 ಎಂಟೆಂಟು ವಚನದ 22 ಭಾಗಗಳಾಗಿದೆ. ಅದನ್ನು ಬೆಳಗಿನ ಓದಿನಿಂದ ತೆಗೆದು, 22 ರಾತ್ರಿ, ಮಲಗುವ ಮುಂಚಿನ ಪ್ರಾರ್ಥನೆಗೆ ಎಂಟು ವಚನದಂತೆ ಇಟ್ಟುಕೊಂಡಿದ್ದೇನೆ.